ತಂತಿ ಕಡಿಯದ ಮಡಿವಾಳೆಪ್ಪ

ಫೋನು ಎತ್ತಿದ ಮಡಿವಾಳೆಪ್ಪನವರು ‘ಹಲೋ’ ಎಂದದ್ದನ್ನು ನಮ್ಮೂರು ಶಲವಡಿಯಲ್ಲಿ ಯಾರೂ ಕೇಳಿಲ್ಲ. ರಿಸೀವರನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಹತ್ತು ಉಸಿರಿನಷ್ಟು ಹೊತ್ತು ಅವರು ಸುಮ್ಮನೆ ಆಲಿಸುತ್ತಾರೆ. ಆ ಮೌನದ ಪರಿಚಯವಿಲ್ಲದವರು ಗಾಬರಿಬಿದ್ದು ಫೋನು ಇಟ್ಟುಬಿಟ್ಟದ್ದೂ ಉಂಟು. ಇದೇನು ಚಾಳಿಯೆಂದು ನಾನೊಮ್ಮೆ ಕೇಳಿದ್ದಕ್ಕೆ, “ನಾವ ಮೊದಲ ಬಾಯಿ ತಗದ್ರ ಲೈನಿನ ಸುದ್ದಿ ಕೇಳಸೂದಿಲ್ರಿ,” ಎಂದಿದ್ದರು.

ಮೂವತ್ತೆರಡು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದು ನಿವೃತ್ತರಾದವರು ಅವರು. ಹೆಗಲಿಗೂ ಕಿವಿಗೂ ನಡುವೆ ರಿಸೀವರು ಸಿಕ್ಕಿಸಿಕೊಂಡೇ ಆಯುಷ್ಯ ಕಳೆದದ್ದರಿಂದ ತಲೆ ಎಡಕ್ಕೆ ವಾಲಿದ್ದು ವಾಲಿಯೇ ಉಳಿದಿದೆ. ವೈಶಾಖದ ಉರಿಬಿಸಿಲಿನಲ್ಲೂ ಮೈಮೇಲಿನ ಖಾಕಿ ಕೋಟು ಇಳಿಯದು. ಅದರ ಕಿಸೆಗಳಲ್ಲಿ ತಾಮ್ರದ ತಂತಿಯ ತುಂಡುಗಳು, ಸೊಂಟದಲ್ಲಿ ಲೈನು ಪರೀಕ್ಷಿಸುವ ಹಳೆಯ ರಿಸೀವರು. ನಡೆಯುವಾಗಲೂ ಎಲ್ಲರಂತೆ ರಸ್ತೆ ಹಿಡಿಯದೆ, ನೆಲದೊಳಗೆ ಕೇಬಲು ಎಲ್ಲಿ ಹಾಯ್ದಿದೆಯೋ ಅದರ ನೆತ್ತಿಯ ಮೇಲೆಯೇ ಗಟಾರು ದಾಟಿ, ಬಣವೆ ಸುತ್ತಿ, ಯಾರದೋ ಹಿತ್ತಲು ಹೊಕ್ಕು ಹೊರಡುತ್ತಾರೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಾಯಿಬಿಟ್ಟು ಹುಗಿದ ತಂತಿಯನ್ನು ಜಗ್ಗಿ ಹರಿಯುತ್ತದೆ, ಮಳೆಗೆ ಉಬ್ಬಿ ಹಿಚುಕುತ್ತದೆ. ಆ ಎಲ್ಲ ಯಾತನೆಯ ಸದ್ದುಗಳೂ ಅವರಿಗೆ ಬಾಯಿಪಾಠ. ಇಂದಿಗೂ ಹಳೆಯ ಫೋನ್ ತಂತಿಯ ಮೇಲೆಯೇ ಇಂಟರ್ನೆಟ್ ಓಡಿಸುವ ಹತ್ತಾರು ಮನೆಗಳವರು, ನೆಟ್ಟು ಕೈಕೊಟ್ಟರೆ ಮೊದಲು ನೆನೆಯುವುದು ಅವರನ್ನೇ.

ಅವರದೊಂದು ಹಟವನ್ನು ಮಾತ್ರ ಮೇಲಧಿಕಾರಿಗಳು ಬೈದು ಬೈದು ಬೇಸತ್ತು ಬಿಟ್ಟರು. ಜೋಡಿಸಿದ ತಂತಿಯನ್ನು ಅವರು ಕಡಿಯುತ್ತಿರಲಿಲ್ಲ. ತೆಗೆಯಿರೆಂದರೆ ಹೂಂ ಎನ್ನುವರು, ಗೋಡೆಯ ಸಂದಿಗೆ ಒತ್ತಿ ಮರೆಮಾಡಿ ಬರುವರು. “ಆ ತುದೀಗೆ ಯಾರರೆ ಇದ್ರ ಏನ್ ಮಾಡ್ತೀರಿ?” ಎನ್ನುವುದು ಅವರ ವಾದ. ಊರು ಇದಕ್ಕೆ ನಗುತ್ತಿತ್ತು. ನಾನೂ ನಕ್ಕವನೇ.

ಈ ಬೇಸಿಗೆಯಲ್ಲಿ ಆ ಹಟ ಮೃಣಾಲಿನಿಯ ಕೆಲಸಕ್ಕೆ ಮುಳುವಾಯಿತು. ಆಕೆ ದ್ವಾರಕಾಬಾಯಿಯವರ ಸೊಸೆ. ಮದುವೆಗೆ ಮುಂಚೆ ಗಣಿತದ ಶಿಕ್ಷಕಿಯಾಗಿದ್ದು, ಆರು ವರ್ಷ ಮನೆಯಲ್ಲೇ ಕುಳಿತು, ಕೊನೆಗೂ ಆನ್‌ಲೈನ್ ಪಾಠದ ಕೆಲಸ ಗಿಟ್ಟಿಸಿದ್ದಳು. ಮೂರು ವಾರದಿಂದ ದಿನಾ ನಾಲ್ಕು ಹೊಡೆಯುತ್ತಲೇ ನೆಟ್ಟು ಹೋಗುವುದು, ಹತ್ತು ನಿಮಿಷಕ್ಕೆ ತಾನೇ ಬರುವುದು. ಅಷ್ಟು ಹೊತ್ತೂ ಪರದೆಯ ತುಂಬ ಮಕ್ಕಳ ಮುಖಗಳು ಬಾಯಿ ಅರ್ಧ ತೆರೆದು ಕಲ್ಲಾಗಿ ನಿಲ್ಲುವುವು. ಸೋಮವಾರ ಮತ್ತೆ ಹೀಗಾದರೆ ನಿಮ್ಮ ತರಗತಿ ಬೇರೆಯವರಿಗೆ ಎಂದು ಸಂಸ್ಥೆಯವರು ಖಡಾಖಂಡಿತ ಹೇಳಿದ್ದರು. ದಪ್ಪ ಗೋಡೆಯ ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಹಾಯದು. ಶನಿವಾರ ನಾಲ್ಕಕ್ಕೆ ತುಸು ಮುಂಚೆ ಆಕೆ ಲ್ಯಾಂಡ್‌ಲೈನಿನಿಂದಲೇ ಮಡಿವಾಳೆಪ್ಪನವರಿಗೆ ಫೋನು ಮಾಡಿದಳು.

“ಡಬ್ಬಿ ಮ್ಯಾಲಿನ ಹಸರ ದೀಪ ನಿಂತೈತೋ, ಮಿಣಕತೈತೋ ಅಕ್ಕಾರ?”

“ನಿಂತದರಿ ಕಾಕಾ.”

“ಬಂದ್ ಮಾಡಿ ಮತ್ತ ಚಾಲೂ ಮಾಡಿ ನೋಡೀರಿ?”

“ಹತ್ತ ಸಲ ಆತ್ರಿ. ವೈರ್ ಸುದ್ದಾ ಬದಲಿ ಮಾಡೇನಿ.”

“ಹಂಗಾರ ಫೋನ್ ಇಡಬ್ಯಾಡ್ರಿ. ಮಾತೂ ಆಡಬ್ಯಾಡ್ರಿ.”

ಎರಡೂ ತುದಿಗಳು ಮೌನವಾದವು. ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಲೈನಿನೊಳಗೆ ‘ಟಕ್’ ಎಂದಿತು. ಹಸಿರು ದೀಪ ಆರಿತು. ಆಗ ಮಡಿವಾಳೆಪ್ಪನವರಿಗೆ ಮೃಣಾಲಿನಿಯ ಉಸಿರಿನ ಜೊತೆಗೆ ಇನ್ನೊಂದು ಉಸಿರು ಕೇಳಿಸಿತು. ನಿಧಾನದ, ತುಸು ನಡುಗುವ, ಮೆಟ್ಟಿಲು ಹತ್ತಿ ಬಂದು ದಣಿವಾರಿಸಿಕೊಳ್ಳುವ ವೃದ್ಧರ ಉಸಿರು.

“ಅಕ್ಕಾರ, ಇನ್ನೊಂದ ರಿಸೀವರ್ ಯಾರ ಎತ್ಯಾರ?”

“ಯಾರೂ ಇಲ್ರಿ. ಅತ್ಯಾರು ನನ್ನ ಬಾಜೂಕ ಕೂತಾರ. ಮನ್ಯಾಗ ಇರೋದ ಇದೊಂದ ಫೋನು.”

ಅದೇ ಲೈನಿಗೆ ಇನ್ನೊಂದು ಫೋನು ಇನ್ನೂ ಜೋಡಿಸಿಯೇ ಇರುವುದು ಮಡಿವಾಳೆಪ್ಪನವರಿಗೆ ಮಾತ್ರ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ದ್ವಾರಕಾಬಾಯಿಯವರ ಯಜಮಾನರು ಕೃಷ್ಣಾಜಿ, ಗೋಡೆಯಾಚೆಯ ಬಸವಣ್ಣೆವ್ವನ ಮನೆಗೆ ತಮ್ಮ ಲೈನಿನಿಂದಲೇ ಒಂದು ಎಳೆ ಕೊಡಿಸಿದ್ದರು. ದುಮ್ಮವಾಡದಲ್ಲಿದ್ದ ಅವಳ ತಂಗಿ ದಿನಾ ನಾಲ್ಕಕ್ಕೆ ಫೋನು ಮಾಡುತ್ತಿದ್ದಳು. ತಂಗಿ ತೀರಿಕೊಂಡ ಮೇಲೂ ಬಸವಣ್ಣೆವ್ವ ನಾಲ್ಕಕ್ಕೆ ರಿಸೀವರು ಎತ್ತಿ, ಬರೀ ಗುಂಯ್ ಎನ್ನುವ ಲೈನಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಅವಳೂ ಹೋದಳು. ಆ ತಂತಿ ತೆಗೆಯೆಂದು ದ್ವಾರಕಾಬಾಯಿ ಹೇಳಿದಾಗ ಇವರು “ತಗದೇನ್ರಿ” ಎಂದು ಸುಳ್ಳಾಡಿದ್ದರು. ಫಿಲ್ಟರಿನ ಡಬ್ಬಿಯಿಲ್ಲದ ಆ ಹಳೆಯ ಎಳೆಯ ರಿಸೀವರು ಎದ್ದರೆ ಈಚೆಮನೆಯ ನೆಟ್ಟು ಬೀಳಲೇಬೇಕು.

ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮಡಿವಾಳೆಪ್ಪನವರು ಅತ್ತೆ-ಸೊಸೆಯರ ಮನೆಗೆ ಬಂದು, ತಲೆ ತಗ್ಗಿಸಿ ತಪ್ಪೊಪ್ಪಿಕೊಂಡರು. “ಅಕ್ಕಾರ ಕೈಯಾಗಿನ ಅನ್ನ ನಾನ ಕಸಗೊಂಡಂಗಾತ್ರಿ ಬಾಯಾರ.”

“ಅದಿರಲಿ, ಬಸವಣ್ಣೆವ್ವ ಹೋಗಿ ಎರಡ ವರ್ಷ ಆತಲ್ಲೋ ಮಡಿವಾಳೆಪ್ಪಾ,” ಎಂದರು ದ್ವಾರಕಾಬಾಯಿ. “ಎತ್ತೋರು ಯಾರು?”

ಬಸವಣ್ಣೆವ್ವನ ಮನೆಯ ಕೀಲಿ ದ್ವಾರಕಾಬಾಯಿಯವರಲ್ಲೇ ಇತ್ತು. ಬಾಗಿಲು ತೆರೆದರೆ ನೆಲದ ತುಂಬ ದಪ್ಪನೆಯ ಧೂಳು. ಮನುಷ್ಯರದಿರಲಿ, ಇಲಿಯದೊಂದು ಹೆಜ್ಜೆಯೂ ಇಲ್ಲ. ಗೋಡೆಯ ಗೂಡಿನಲ್ಲಿ, ಹಲಗೆಯ ಮೇಲೆ ಫೋನು ಕೂತಿತ್ತು. ಮೂವರೂ ಹೊಸ್ತಿಲಲ್ಲೇ ನಿಂತರು. ಆಚೆಮನೆಯ ಗಡಿಯಾರ ನಾಲ್ಕು ಹೊಡೆಯುತ್ತಿದ್ದಂತೆ, ಯಾರೂ ಮುಟ್ಟದ ಆ ರಿಸೀವರಿನ ಒಂದು ತುದಿ ಬೆರಳಿನಷ್ಟು ಮೇಲೆದ್ದಿತು.

ಮೃಣಾಲಿನಿ ಅತ್ತೆಯ ಕೈ ಹಿಡಿದುಕೊಂಡಳು. ಮಡಿವಾಳೆಪ್ಪನವರು ಮಾತ್ರ ಮೆಲ್ಲನೆ ಹತ್ತಿರ ಹೋಗಿ ಗೋಡೆ ತಡವಿದರು. ಬೇಸಿಗೆಗೆ ಅಡಿಪಾಯದ ಎರೆಮಣ್ಣು ಬಿರಿದು, ಬಿರುಕು ಗೂಡಿನವರೆಗೆ ಏರಿತ್ತು; ಪಡುವಣ ಬಿಸಿಲಿಗೆ ಮೇಲಿನ ತಗಡು ಉಬ್ಬಿ ತೊಲೆಯನ್ನು ಒತ್ತುತ್ತಿತ್ತು, ತೊಲೆ ಗೋಡೆಯನ್ನು, ಗೋಡೆ ಹಲಗೆಯನ್ನು. ಹಲಗೆ ವಾಲಿದಾಗ ರಿಸೀವರು ಏಳುತ್ತಿತ್ತು, ಬಿಸಿಲು ಸರಿದಾಗ ಕೂರುತ್ತಿತ್ತು. “ಇಷ್ಟ ರೀ,” ಎಂದರು. ಉಸಿರು? ಅದು ಬಿರುಕಿನೊಳಗಿನ ಗಾಳಿ. ಹೆಂಗಸರಿಬ್ಬರೂ ಸಮಾಧಾನದಿಂದ ನಕ್ಕರು.

“ಕಡೀರಿ ಕಾಕಾ,” ಎಂದಳು ಮೃಣಾಲಿನಿ. “ನಾಳೆ ನನ್ನ ಕ್ಲಾಸ್ ಅದ.”

ಇಕ್ಕಳ ಹಿಡಿದ ಕೈ ಏಳಲಿಲ್ಲ. ಅವರು ರಿಸೀವರನ್ನು ಎತ್ತಿ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಹತ್ತು ಉಸಿರು ಆಲಿಸಿದರು. ಆಮೇಲೆ, ಎದುರು ಕೂತವರಿಗೆ ಹೇಳುವಷ್ಟೇ ಮೆದುವಾಗಿ, “ಬಸವಣ್ಣೆವ್ವಾ, ಇಡತೇನ್ರಿ ಇನ್ನ,” ಎಂದು ತಂತಿ ಕಡಿದರು.

ಸೋಮವಾರದ ಪಾಠ ಒಮ್ಮೆಯೂ ಕಡಿಯದೆ ಮುಗಿಯಿತು. ಮೃಣಾಲಿನಿಯ ಕೆಲಸ ಉಳಿಯಿತು. ಮಡಿವಾಳೆಪ್ಪನವರು ಮಾತ್ರ ವಾರಗಟ್ಟಲೆ ಮನೆಬಿಟ್ಟು ಹೊರಬೀಳಲಿಲ್ಲ. ನೋಡಲು ಹೋದ ನನಗೆ ದನಿ ತಗ್ಗಿಸಿ ಹೇಳಿದರು: “ಅವರಿಗೆ ಹೇಳಿಲ್ರಿ. ಫೋನಿನ ಮ್ಯಾಲೆಲ್ಲಾ ಬೆರಳ ದಪ್ಪ ಧೂಳ ಇತ್ತು. ನಾ ಎತ್ತೂ ಮೊದಲ ನೋಡೇನ್ರಿ, ಕೈಲೆ ಹಿಡಿಯೂ ಕಡೆ ಮಾತ್ರ ಇರ್ಲಿಲ್ಲ.” ನನಗೆ ನಗು ಬರಲಿಲ್ಲ.

ಮಾತಾಡುವವರನ್ನು ಲೋಕ ನೆನೆಯುತ್ತದೆ, ಆಲಿಸುವವರ ಗೊಡವೆ ಅದಕ್ಕಿಲ್ಲ. ನಾವು ಮುಗಿಯಿತೆಂದು ಇಟ್ಟುಬಿಟ್ಟ ಮಾತಿನ ಇನ್ನೊಂದು ತುದಿಯಲ್ಲಿ ಯಾರೋ ಇನ್ನೂ ಕಾದಿದ್ದಾರೆಂದು ನಂಬಿ, ಆ ನಂಬಿಕೆಯ ಭಾರಕ್ಕೆ ತಲೆ ವಾಲಿಸಿಕೊಂಡೇ ಬದುಕುವ ಇಂಥವರು ಊರಿಗೊಬ್ಬರು ಇದ್ದಾರು. ಅವರು ಹೋದಮೇಲೂ ನಮ್ಮ ಮಾತುಗಳೇನೂ ನಿಲ್ಲುವುದಿಲ್ಲ; ನಡುವೆ ಮೂರನೆಯವರೊಬ್ಬರು ಉಸಿರು ಹಿಡಿದು ಕೇಳುತ್ತಿದ್ದಾರೆಯೇ ಎಂಬುದನ್ನು ಹೇಳುವವರು ಮಾತ್ರ ಇರುವುದಿಲ್ಲ.