ಹಾಡಿನ ಬಾಲ

ಮೂವರ ಬ್ಯಾಂಡು ಅದು. ಅಕ್ಕ ಹಾಡುತ್ತಿದ್ದಳು, ತಮ್ಮ ಸಿಂಥಸೈಜರ್ ಕೀಬೋರ್ಡ್ ನುಡಿಸಿ ಕಂಪ್ಯೂಟರಿನಲ್ಲಿ ಹಾಡು ಜೋಡಿಸುತ್ತಿದ್ದ, ಡ್ರಮ್ಮರ್ ತನ್ನ ಪಾಡಿಗೆ ಬಡಿಯುತ್ತಿದ್ದ. ಎಲೆಕ್ಟ್ರಾನಿಕ್ ರಾಕ್ ಎಂದರೆ ಮಿಕ್ಸಿ ಸದ್ದು ಎಂದು ಆಡಿಕೊಳ್ಳುತ್ತಿದ್ದ ಭಾವ ಕೂಡ, ಹೆಂಡತಿ ಬಾಯಿ ತೆರೆದರೆ ಪೇಪರ್ ಮಡಚಿಟ್ಟು ಕೇಳುತ್ತಿದ್ದ. ಅಂಥ ದನಿ.

‘ಇನ್ನೊಂದ್ಸಲ’ ಎಂಬ ಒಂಟಿ ಹಾಡಿನ ಸಿಂಗಲ್ ರೆಕಾರ್ಡ್ ಮಾಡಿದ ದಿನ ಅಕ್ಕನಿಗೆ ಅದೆಂಥ ಹಟವೋ! ಅದೇ ಹಾಡನ್ನು ಹತ್ತು ಸಲ ಹಾಡಿದಳು. ಗಂಟಲು ಕರಕರ ಎನ್ನುತ್ತಿತ್ತು.

“ಸಾಕು ಕಣೇ ಅಕ್ಕ, ನಾಲ್ಕನೇದೇ ಚೆನ್ನಾಗಿತ್ತು,” ಎಂದ ತಮ್ಮ.

“ನಿಂಗೇನ್ ಗೊತ್ತು, ಸುಮ್ನಿರು. ಇಬ್ರೂ ಹೋಗಿ ಟೀ ಕುಡ್ಕೊಂಡ್ ಬನ್ನಿ. ರೆಕಾರ್ಡಿಂಗ್ ಓಡ್ತಾ ಇರ್ಲಿ.”

ವಾಪಸು ಬಂದಾಗ ಅವಳು ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. “ಹನ್ನೊಂದನೇದನ್ನ ಕೊನೇ ತನಕ ಕೇಳು, ಆಯ್ತಾ?” ಎಂದಳು.

“ಆಯ್ತು ಮಹಾರಾಣಿ!”

ಕೇಳಿದನೇ? ಎಲ್ಲಿ ಕೇಳಿಯಾನು! ಹಾಡು ಮುಗಿದ ಮೇಲೆ ಉಳಿಯುವ ಕೆಮ್ಮು, ಹರಟೆ, ಕುರ್ಚಿ ಸದ್ದನ್ನೆಲ್ಲ ಅವನು ಬಾಲ ಎನ್ನುತ್ತಿದ್ದ. ಬಾಲವನ್ನು ಕಿವಿಯಿಂದಲ್ಲ, ಕಣ್ಣಿನಿಂದಲೇ ಕತ್ತರಿಸುವುದು ಅವನ ಅಭ್ಯಾಸ. ಪರದೆಯ ಮೇಲೆ ಹಾಡಿನ ದಪ್ಪ ಅಲೆ ಮುಗಿದು ಸಣ್ಣ ಗೆರೆ ಶುರುವಾದ ಕಡೆ ಕಚಕ್ಕನೆ ಕತ್ತರಿ. ಹನ್ನೊಂದನೆಯದನ್ನೇ ಆರಿಸಿಕೊಂಡ, ಅದರ ಆರು ನಿಮಿಷದ ಬಾಲವನ್ನೂ ಹಾಗೇ ಕತ್ತರಿಸಿದ. ತುದಿಯಲ್ಲಿ ಅವಳು ಉಸಿರೆಳೆದುಕೊಂಡ ಸದ್ದೊಂದು ಉಳಿದಿತ್ತು, ಚೆನ್ನಾಗಿದೆಯೆಂದು ಬಿಟ್ಟ. ಡಿಸ್ಕ್ ತುಂಬಿತ್ತೆಂದು ಮಿಕ್ಕಿದ್ದೆಲ್ಲವನ್ನೂ ಅಳಿಸಿದ. ಅಕ್ಕನ ದನಿಯ ಮೇಲೆ ಯಂತ್ರದ ಲೇಪ ಹಚ್ಚಿ ಅವಳಿಗೂ ಕಳಿಸಿದ. ಅದು ಅವಳಿಗೆ ಯಾವತ್ತೂ ಹಿಡಿಸುತ್ತಿರಲಿಲ್ಲ. ಮೂರು ವಾರ ಅವಳ ಫೋನ್ ಬರದಿದ್ದಾಗ, ಅದಕ್ಕೇ ಮುನಿಸಿಕೊಂಡಿದ್ದಾಳೆ ಎಂದುಕೊಂಡ. ತಾನೂ ಮಾಡಲಿಲ್ಲ. ಇವನದೂ ಅದೇ ರಕ್ತ ತಾನೆ.

ಸಿಂಗಲ್ ಬಿಡುಗಡೆಯಾದ ದಿನ ಮೊಬೈಲ್ ತುಂಬ ಹೊಗಳಿಕೆ. ‘ಕೊನೇ ಉಸಿರು ಸೂಪರ್’ ಎಂದು ಹತ್ತಾರು ಜನ ಬರೆದಿದ್ದರು. ಇನ್ನು ಮುನಿಸು ಮುರಿಯಲೇಬೇಕು ಎಂದು ಅಕ್ಕನ ಮನೆಗೆ ಹೋದ.

ಬಾಗಿಲು ತೆರೆದ ಭಾವ ದಾರಿ ಬಿಡಲಿಲ್ಲ. “ಬಂದ್ರಪ್ಪ ದೊಡ್ಡ ಮನುಷ್ಯರು! ಈಗ ಪುರುಸೊತ್ತಾಯ್ತಾ?”

ಒಳಗೆ ಅಕ್ಕ ದಿಂಬಿಗೆ ಒರಗಿದ್ದಳು. ಕುತ್ತಿಗೆಗೆ ಬ್ಯಾಂಡೇಜು. ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅವಳು ಪುಸ್ತಕದಲ್ಲಿ ಬರೆದು ತೋರಿಸಿದಳು: ‘ಕೇಳಿದ್ಮೇಲೂ ಯಾಕೋ ಬರ್ಲಿಲ್ಲ?’

“ಏನ್ ಕೇಳಿದ್ಮೇಲೆ?”

ಅಕ್ಕ ಅವನನ್ನೇ ನೋಡಿದಳು. ಪುಸ್ತಕ ಎಳೆದುಕೊಂಡು ಬರೆದಳು: ‘ಹನ್ನೊಂದನೇ ಸಲದ ಹಾಡು ಮುಗಿದ್ಮೇಲೆ ಎಲ್ಲಾ ಹೇಳಿದ್ನಲ್ಲ. ಎದುರಿಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ.’

“ಅಯ್ಯೋ ಅಕ್ಕಾ… ಕತ್ತರಿಸ್ಬಿಟ್ಟೆ ಕಣೇ. ಕೇಳ್ಳೇ ಇಲ್ಲ.”

ಬಾಗಿಲಲ್ಲಿದ್ದ ಭಾವ ಮುಖ ತಿರುಗಿಸಿಕೊಂಡ.

ಅಕ್ಕ ಮತ್ತೆ ಬರೆದಳು. ‘ಆಪರೇಷನ್‌ಗೆ ಕರ್ಕೊಂಡ್ ಹೋಗೋ ತನಕ ಫೋನ್ ಕೈಲೇ ಇತ್ತು. ನೀನು ಮಾಡ್ತೀಯ ಅಂತ. ಕೊನೇದಾಗಿ ನಿನ್ ಹತ್ರ ಮಾತಾಡ್ಬೇಕಿತ್ತು.’

“ಏನ್ ಹೇಳಿದ್ದೆ ಅಕ್ಕ ಅದ್ರಲ್ಲಿ? ಬರ್ದುಕೊಡೇ,” ಎಂದು ಅವನು ಅವಳ ಕಾಲು ಹಿಡಿದು ಅತ್ತ.

ಅವಳು ಪೆನ್ನು ಎತ್ತಿದಳು. ಬರೆಯದೆ ಕೆಳಗಿಟ್ಟಳು. ಅವನ ಮೊಬೈಲಿನತ್ತ ಬೆರಳು ತೋರಿಸಿ, ಹಾಕು ಎಂದು ಸನ್ನೆ ಮಾಡಿದಳು.

ಹಾಡು ಶುರುವಾಯಿತು. ಯಂತ್ರದ ದನಿಗೆ ಅಕ್ಕ ಎಂದಿನಂತೆ ಮೂಗು ಮುರಿದಳು. ಹಾಡು ಮುಗಿದು ಕೊನೆಯ ಉಸಿರು ಬಂದಾಗ ಅವನ ತಲೆಯ ಮೇಲೆ ಕೈಯಿಟ್ಟು, ‘ತಮ್ಮಾ’ ಎಂದು ತುಟಿಯಾಡಿಸಿದಳು. ಅವಳು ಅಂದು ಉಸಿರೆಳೆದುಕೊಂಡಿದ್ದು ಅವನನ್ನು ಕರೆಯಲಿಕ್ಕೆ.