ನೂರಾ ಹದಿನೆಂಟು ಮೆಟ್ಟಿಲು

ನಿವೃತ್ತರಾದವರು ಹದಿನೈದು ದಿನ ವಿದೇಶ ಸುತ್ತಿ ಬಂದರೆ ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ, ಪುಸ್ತಕ ಬರೆಯುತ್ತಾರೆ. ಚಂದ್ರಾ ಲೇಔಟಿನಲ್ಲಿ ದರ್ಶಿನಿಯ ಪಕ್ಕದಲ್ಲೇ ಇರುವ ನನ್ನ ಡಿಟಿಪಿ ಅಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಇಂಥ ಪ್ರವಾಸ ಕಥನಗಳನ್ನು ಟೈಪ್ ಮಾಡುತ್ತಿದ್ದೇನೆ. ಎಲ್ಲದರಲ್ಲೂ ವಿಮಾನದ ಕಿಟಕಿಯಿಂದ ಮೋಡ ಹತ್ತಿಯ ಹಾಗೆ ಕಾಣುತ್ತದೆ. ಎಲ್ಲದರಲ್ಲೂ ಅಲ್ಲಿನ ಜನ ಶಿಸ್ತಿನ ಸಿಪಾಯಿಗಳು, ನಾವು ಕೊಳಕರು.

ಆದರೆ ಮೋಹನ್ ಕುಮಾರ್ ಅವರಷ್ಟು ನನ್ನ ತಲೆ ಕೆಡಿಸಿದವರು ಯಾರೂ ಇಲ್ಲ. ಜ್ಞಾನಭಾರತಿ ಕಡೆಯವರು, ಯಾವುದೋ ಇಲಾಖೆಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತರಾದವರು. ಆ ಕುರ್ಚಿಯಿಂದ ಇನ್ನೂ ಇಳಿದಿರಲಿಲ್ಲ. ಹೆಂಡತಿ ಸುಮಾ ಜೊತೆ ಯುರೋಪಿಗೆ ಪ್ಯಾಕೇಜ್ ಟೂರ್ ಹೋಗಿ, ದೊಡ್ಡ ಸರೋವರದ ದಂಡೆಯ ಬಂದರು ಪಟ್ಟಣವೊಂದರಲ್ಲಿ ಮೂರು ದಿನ ಇದ್ದು ಬಂದಿದ್ದರು. ಆ ಪಟ್ಟಣದ ಹೆಸರನ್ನು ಹಸ್ತಪ್ರತಿಯಲ್ಲಿ ನಾಲ್ಕು ಥರ ಬರೆದಿದ್ದರು, ಹಾಗಾಗಿ ನಾನದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಮೂರು ದಿನಕ್ಕೆ ನೂರಾ ಅರವತ್ತು ಪುಟ. ‘ನಾ ಕಂಡ ಬಂದರು’ ಎಂದು ಹೆಸರು.

ಲೈಟ್‌ಹೌಸಿನ ಎತ್ತರ ಎಷ್ಟು, ಬಂದರಿನ ಬಾಯಲ್ಲಿ ಕೂತ ಕಲ್ಲಿನ ಸಿಂಹದ ತೂಕ ಎಷ್ಟು, ಹಡಗಿನ ಮ್ಯೂಸಿಯಂ ಬಾಗಿಲು ತೆರೆಯುವುದು ಎಷ್ಟು ಗಂಟೆಗೆ, ಎಲ್ಲವೂ ಇಂಟರ್ನೆಟ್‌ನಿಂದ ಎತ್ತಿದ್ದು. ಟೈಪ್ ಮಾಡುತ್ತಾ ಆಕಳಿಸಿ ಆಕಳಿಸಿ ನನಗೆ ದವಡೆ ನೋವು ಬಂತು. ನಲವತ್ತೊಂದನೇ ಪುಟದಲ್ಲಿ ಕೈ ನಿಂತಿತು.

‘ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ತಣ್ಣನೆಯ ಕಂಬಿ ಹಿಡಿದು ಲೈಟ್‌ಹೌಸಿನ ನೂರಾ ಹದಿನೆಂಟು ಮೆಟ್ಟಿಲು ಹತ್ತಿದೆ. ಮೇಲೆ ಗಾಳಿಯೋ ಗಾಳಿ. ತುಟಿ ಸವರಿಕೊಂಡರೆ ಉಪ್ಪಿಲ್ಲ. ಇದು ಸಮುದ್ರವಲ್ಲ ಎಂದು ಆಗ ನಂಬಿಕೆ ಬಂತು.’

ಮೋಹನ್ ಕುಮಾರ್ ಪ್ಯಾಂಟು ಬಿಟ್ಟು ಬೇರೇನೂ ಉಡುವವರಲ್ಲ. ಮಾರನೆಯ ದಿನ ಅವರು ಬಂದಾಗ ಕೇಳಿಯೇ ಬಿಟ್ಟೆ.

“ಸರ್, ನಲವತ್ತೊಂದನೇ ಪುಟ ಒಮ್ಮೆ ನೋಡ್ರಿ. ಅಲ್ಲೊಂದು ಸಾಲು...”

“ನೋಡಮ್ಮ ವಿಜಯಶ್ರೀ, ನೀವು ಗದಗ ಕಡೆಯವರು, ನಿಮ್ ಕನ್ನಡ ಬೇರೆ. ನಾನು ಬರೆದಿದ್ದನ್ನ ತಿದ್ದೋಕೆ ಹೋಗ್ಬೇಡ. ಇದ್ದಂಗೆ ಟೈಪ್ ಮಾಡು, ಸಾಕು.”

ಮೈ ಉರಿದುಹೋಯಿತು. ಆಯ್ತು ಮಹರಾಯ, ಇದ್ದ ಹಾಗೇ ಮಾಡುತ್ತೇನೆ ಎಂದುಕೊಂಡೆ.

ಅವರ ಇನ್ನೊಂದು ಕೆಲಸವೂ ಇತ್ತು. ಪುಸ್ತಕಕ್ಕೆಂದು ಕೊಟ್ಟ ಇಪ್ಪತ್ತು ಫೋಟೋಗಳಲ್ಲಿ ಒಂದರಲ್ಲೂ ಅವರಿರಲಿಲ್ಲ. ಮಲ್ಲತ್ತಹಳ್ಳಿ ಕೆರೆಯ ಏರಿ ಮೇಲೆ ಕೋಟು, ಟೋಪಿ ಹಾಕಿ ನಿಂತು ತೆಗೆಸಿಕೊಂಡ ಫೋಟೋ ಒಂದನ್ನು ತಂದು, “ನನ್ನನ್ನ ಆ ಸಿಂಹದ ಮುಂದೆ ನಿಲ್ಸು” ಎಂದರು. ನಾನೇನು ಸಾಚಾ ಅಲ್ಲ, ನಿಲ್ಲಿಸಿದೆ. ಸಿಂಹದ ನೆರಳು ಎಡಕ್ಕೆ ಬಿದ್ದಿದ್ದರೆ ಇವರದು ಬಲಕ್ಕೆ ಬಿದ್ದಿತ್ತು. ಅದನ್ನು ಅವರು ಗಮನಿಸಲಿಲ್ಲ, ನಾನೂ ಹೇಳಲಿಲ್ಲ.

ಪ್ರೂಫ್ ನೋಡಲು ಸುಮಾ ಅವರನ್ನು ಕಳಿಸಿದರು. ಸಾಹಿತಿಗಳಿಗೆ ಕಾಗುಣಿತ ನೋಡುವಷ್ಟು ಪುರುಸೊತ್ತು ಎಲ್ಲಿ? ಅರವತ್ತು ದಾಟಿದ ಹೆಂಗಸು, ಮೆಲ್ಲಗೆ ಮಾತಾಡುವವರು. ನಲವತ್ತೊಂದನೇ ಪುಟಕ್ಕೆ ಬಂದಾಗ ಅವರ ಕೆಂಪು ಪೆನ್ನು ಆ ಸಾಲಿನ ಮೇಲೆ ನಿಂತಿತು.

“ಮೇಡಂ, ಹತ್ತಿದವ್ರು ನೀವ ಹೌದಲ್ರಿ?” ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇವ್ರಿಗೆ ಮಂಡಿ ನೋವು ಕಣಮ್ಮ. ಮೂರು ದಿನಾನೂ ಹೋಟೆಲ್ ರೂಮಲ್ಲೇ ಮಲಗಿದ್ರು, ಫೋನಲ್ಲಿ ನಮ್ ಟಿವಿ ನೋಡ್ಕೊಂಡು. ನಾನೇ ಗುಂಪಿನ ಜೊತೆ ಹೋದೆ. ಸಾಯಂಕಾಲ ಬಂದು ಡೈರಿ ಬರೀತಿದ್ದೆ. ಬಂದ್ಮೇಲೆ ಡೈರಿ ಕೊಡು ಅಂದ್ರು, ಕೊಟ್ಟೆ.”

“ನಿಮ್ಮ ಹೆಸರು ಎಲ್ಲಿ ಹಾಕ್ಯಾರ್ರಿ?”

“ಅರ್ಪಣೆಯಲ್ಲಿ ಇದೆಯಲ್ಲ. ‘ರುಚಿಯಾಗಿ ಅಡುಗೆ ಮಾಡಿ ಹಾಕಿದ ಮಡದಿಗೆ’ ಅಂತ.”

ನನ್ನ ಬಾಯಿಗೆ ಬಂದದ್ದನ್ನು ಅಲ್ಲಿ ಆಡಲಿಲ್ಲ. “ಈ ಸಾಲು ತೆಗೀಲೇನ್ರಿ?” ಎಂದಷ್ಟೇ ಕೇಳಿದೆ.

ಅವರು ಪೆನ್ನನ್ನು ಆ ಸಾಲಿನಿಂದ ಮೇಲೆತ್ತಿದರು. “ನನ್ನ ಜೀವನದಲ್ಲಿ ಇವ್ರಿಲ್ದೆ ನಾನೊಬ್ಳೇ ಎಲ್ಲಿಗಾದ್ರೂ ಹತ್ತಿದ್ದು ಅಂದ್ರೆ ಅದೊಂದೇ ಕಣಮ್ಮ. ಮಿಕ್ಕಿದ್ದೆಲ್ಲ ಅವರೇ ಇಟ್ಕೊಳ್ಳಲಿ. ಇದೊಂದು ಸಾಲು ಇರ್ಲಿ.” ಪೆನ್ನಿನ ಟೋಪಿ ಹಾಕಿ ಮುಂದಿನ ಪುಟ ತಿರುಗಿಸಿದರು.

ಬಿಡುಗಡೆ ಕೆಂಗೇರಿ ಉಪನಗರದ ಒಂದು ಸಭಾಂಗಣದಲ್ಲಿ. ಜನ ಬಂದದ್ದು ಬೋಂಡಾ ಇದೆ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದಕ್ಕೆ. ಮುಖ್ಯ ಅತಿಥಿ ಪ್ರೊಫೆಸರ್ ನಾಗರಾಜು ಪುಸ್ತಕ ಬಿಡಿಸಿಯೂ ನೋಡಿರಲಿಲ್ಲ. ವೇದಿಕೆ ಏರುವ ಮೊದಲು, ಪುಸ್ತಕದ ಕಟ್ಟು ತಂದಿದ್ದ ನನ್ನ ಹತ್ತಿರ ಬಗ್ಗಿ, “ಓದೋಕೆ ಚೆನ್ನಾಗಿರೋ ಒಂದು ಪುಟ ಹೇಳಮ್ಮ” ಎಂದರು.

“ನಲವತ್ತೊಂದ್ರಿ ಸರ್,” ಎಂದೆ.

ಅವರು ಕಂಚಿನ ಕಂಠದಲ್ಲಿ ಓದಿದರು. ‘ನೆರಿಗೆ ಎತ್ತಿ ಹಿಡಿದು’ ಎಂಬಲ್ಲಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಮೋಹನ್ ಕುಮಾರ್ ಅವರ ಮುಖ ಕೆಂಪಾಯಿತು. ಮೈಕ್ ಕಿತ್ತುಕೊಂಡು, “ಅದು ಡಿಟಿಪಿಯವರ ತಪ್ಪು. ಹೇಳಿದ್ದು ಒಂದು, ಟೈಪ್ ಮಾಡಿದ್ದು ಇನ್ನೊಂದು. ಅಲ್ಲೇ ಕೂತಿದಾರೆ ನೋಡಿ,” ಎಂದು ನನ್ನತ್ತ ಕೈ ತೋರಿದರು.

ನಾನು ಎದ್ದು ನಿಂತಿದ್ದೆ, ಅಂದು ಸುಮಾ ಎದುರು ನುಂಗಿದ ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಸುಮಾ ಎದ್ದರು. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು ವೇದಿಕೆಯ ನಾಲ್ಕು ಮೆಟ್ಟಿಲು ಹತ್ತಿದರು. ನಗು ತಾನಾಗಿ ನಿಂತುಹೋಯಿತು.

“ಆ ಹುಡುಗಿದೇನೂ ತಪ್ಪಿಲ್ಲ,” ಎಂದು ಗಂಡನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ರೀ, ಅಷ್ಟು ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಏನು ಕಾಣತ್ತೆ, ನೀವೇ ಹೇಳಿ ಇವ್ರಿಗೆ.”

ನೂರಾ ಅರವತ್ತು ಪುಟದ ಲೇಖಕರು ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದರು.

“ನೀರು,” ಎಂದರು.

ಸುಮಾ ಗಂಡನ ಕೈಯಿಂದ ಮೈಕ್ ತೆಗೆದುಕೊಂಡು ಉಳಿದದ್ದನ್ನು ಹೇಳಿದರು. ಬೋಂಡಾ ಆರಿಹೋಯಿತು, ಒಬ್ಬರೂ ಏಳಲಿಲ್ಲ.