ನಾನು ಮಾಡಿಸಿದ ಚುನಾವಣೆ

ಆ ಜರ್ಮನ್ ಸಾಹೇಬನನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ಹೇಸಿಗೆ ನನ್ನ ಮೇಲೆ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವ ನಮ್ಮ ಫ್ಯಾಕ್ಟರಿಯ ಮಾಲೀಕರು ಜರ್ಮನಿಯವರು. ನಾನು ವಸಂತಿ, ಅಲ್ಲಿ ಎಚ್‌ಆರ್ ಆಫೀಸರ್. ೨೦೧೪ರ ಮಾರ್ಚಿನಲ್ಲಿ ಹೆಡ್ಡಾಫೀಸಿನಿಂದ ಬಂದ ಸಾಹೇಬ ನಮಗೆ ಒಂದು ಗಂಟೆ ಪಾಠ ಮಾಡಿದ. ಅವನ ದೇಶದಲ್ಲಿ ಲೋಹದ ಕೆಲಸದವರ ಸಂಬಳವನ್ನು ಯೂನಿಯನ್ನು ಇಡೀ ಪ್ರಾಂತ್ಯಕ್ಕೆ ಒಂದೇ ಸಲ ಮಾತಾಡಿ ಮುಗಿಸುತ್ತದಂತೆ. ಹೋಟೆಲ್ ಕೆಲಸದವರಿಗೆ ಅಷ್ಟು ಬಲವಿಲ್ಲವಂತೆ. ಬೆಲ್ಜಿಯಂನಲ್ಲಿ ಸಾಮಾನಿನ ಬೆಲೆ ಏರಿದರೆ ಸಂಬಳವೂ ತಾನಾಗಿ ಏರುತ್ತದಂತೆ. ಸ್ವೀಡನ್ನಿನಲ್ಲಿ ಕನಿಷ್ಠ ಕೂಲಿಯ ಕಾನೂನೇ ಇಲ್ಲ, ಎರಡೂ ಕಡೆಯವರು ಕೂತು ತೀರ್ಮಾನಿಸುತ್ತಾರಂತೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಕಂಪನಿಗೊಂದು ಒಪ್ಪಂದವಂತೆ.

"ಇಲ್ಲಿ ಹೇಗೆ?" ಎಂದು ಕೊನೆಗೆ ಕೇಳಿದ.

ಸಲಹಾ ಪೆಟ್ಟಿಗೆ ಇಟ್ಟಿದ್ದೇವೆ ಎಂದರು ನಮ್ಮ ಮ್ಯಾನೇಜರ್ ಪಾಯ್ಸ್ ಸರ್. ಅದರ ಬೀಗದ ಕೈ ಕಳೆದು ಮೂರು ವರ್ಷವಾಗಿತ್ತು.

ಇಲ್ಲಿ ಯೂನಿಯನ್ ಇಲ್ಲ, ಕಾನೂನು ಬಿಡುವುದೂ ಇಲ್ಲ. ಆದರೆ ನಮ್ಮ ನೂರನಲವತ್ತು ಕೆಲಸಗಾರರಿಗೆ ತಮ್ಮದೇ ದಾರಿಯೊಂದಿತ್ತು. ಊಟ ಹಳಸಿದರೆ, ಓವರ್‌ಟೈಮ್ ಹಾರಿಸಿದರೆ, ಬೆಳಿಗ್ಗೆ ಅವರು ವಾಸವಿದ್ದ ಕ್ಯಾಂಪಿನ ಬಸ್ಸುಗಳ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಹತ್ತುತ್ತಿರಲಿಲ್ಲ. ಲೀಡರ್ ಯಾರೆಂದು ಪಾಯ್ಸ್ ಸರ್ ಕಿರುಚಿದರೆ "ಸಬ್ ಲೋಗ್, ಸಾಬ್", ಎಲ್ಲರೂ ಲೀಡರೇ, ಎನ್ನುತ್ತಿದ್ದರು. ನೂರನಲವತ್ತು ಜನರನ್ನು ಒಂದೇ ದಿನ ಊರಿಗೆ ಅಟ್ಟಲು ಆಗುತ್ತದೆಯೇ? ಅರ್ಧ ಗಂಟೆಯಲ್ಲಿ ಅವರು ಕೇಳಿದ್ದು ಸಿಗುತ್ತಿತ್ತು.

ಸಾಹೇಬನಿಗೆ ಇದು ಸಾಲದು. ಮಾತಾಡಲು ಚುನಾಯಿತ ಪ್ರತಿನಿಧಿಯೇ ಬೇಕು. ನನಗೆ ಉತ್ಸಾಹ ಉಕ್ಕಿತು. ದುಬೈಯ ಊದ್ ಮೇಥಾದಲ್ಲಿ ಸೇರುವ ನಮ್ಮ ಊರವರ ಸಂಘದ ಚುನಾವಣೆಯನ್ನು ಎರಡು ಸಲ ನಡೆಸಿದವಳು ನಾನು. ಚೀಟಿ, ಡಬ್ಬ, ಎಣಿಕೆ ಎಲ್ಲ ಬಾಯಿಪಾಠ. ಪ್ರತಿನಿಧಿಯಾಗಿ ನಿಲ್ಲು ಎಂದು ಕಾರ್ಕಳದ ಸುಜಿತ್‌ನನ್ನು ಕ್ಯಾಂಟೀನಿನಲ್ಲಿ ಹಿಡಿದೆ. ಕಟಿಂಗ್ ಮೆಷಿನ್ ನಡೆಸುವವನು, ಎಲ್ಲರಿಗೂ ಬೇಕಾದವನು.

"ಬೇಡ ವಸಂತಿ ಅಕ್ಕ. ಇಲ್ಲಿ ಒಬ್ಬನ ಹೆಸರು ಗೊತ್ತಾದ್ರೆ ಅವನದ್ದು ಖಲಾಸ್. ಊರಲ್ಲಿ ನನ್ನ ಮನೆಗೆ ಇನ್ನೂ ಸ್ಲ್ಯಾಬ್ ಆಗ್ಲಿಲ್ಲ."

"ಎಂತ ಹೆದರುದು ಮಾರಾಯ? ಸಾಹೇಬರ ದೇಶದಲ್ಲಿ ಪ್ರತಿನಿಧಿಯನ್ನು ಕೆಲಸದಿಂದ ತೆಗೀಲಿಕ್ಕೇ ಬಿಡುದಿಲ್ವಂತೆ. ನಾನಿಲ್ವಾ?"

ಆ ಕಾನೂನು ಅವರ ದೇಶದ್ದು, ವೀಸಾ ಈ ದೇಶದ್ದು. ಹನ್ನೆರಡು ವರ್ಷ ವೀಸಾ ಕಾಗದ ತುಂಬಿದ ನನಗೆ ಅಷ್ಟೂ ಹೊಳೆಯಲಿಲ್ಲ.

ಕೊನೆಗೂ ಒಪ್ಪಿ ನಿಂತ ಸುಜಿತ್‌ಗೆ ನೂರಿಪ್ಪತ್ತೆರಡು ಮತ ಬಿತ್ತು. ನಾಲ್ಕು ವರ್ಷದಿಂದ ಮೂಲ ಸಂಬಳ ಏರಿಲ್ಲ, ತಲಾ ನೂರು ದಿರ್ಹಂ ಹೆಚ್ಚಿಸಿ ಎಂದು ಅವನು ಸಾಹೇಬನ ಎದುರೇ ಕೇಳಿದ. ಸಾಹೇಬ ಕೈ ಕುಲುಕಿ, ಫೋಟೊ ತೆಗೆಸಿಕೊಂಡು, ವಿಮಾನ ಹತ್ತಿದ.

ಹನ್ನೆರಡನೇ ದಿನ ಪಾಯ್ಸ್ ಸರ್ ನನ್ನ ಮೇಜಿನ ಮೇಲೆ ಸುಜಿತ್‌ನ ಪಾಸ್‌ಪೋರ್ಟ್ ಇಟ್ಟರು. "ವೀಸಾ ಕ್ಯಾನ್ಸಲ್ ಮಾಡಿ. ಕಟಿಂಗಿನಲ್ಲಿ ಒಬ್ಬ ಹೆಚ್ಚಾಗಿದ್ದಾನೆ."

"ಸರ್, ಅವನನ್ನು ಚುನಾವಣೆಗೆ ನಿಲ್ಲಿಸಿದ್ದು ನಾವೇ ಅಲ್ವಾ?"

"ಅದಕ್ಕೇ ಗೊತ್ತಾಯ್ತು, ಇಷ್ಟು ವರ್ಷ ಎಲ್ಲರನ್ನೂ ಬಸ್ಸಿನ ಮುಂದೆ ನಿಲ್ಲಿಸ್ತಿದ್ದದ್ದು ಯಾರು ಅಂತ. ನೀವ್ಯಾಕೆ ಮಂಡೆ ಬಿಸಿ ಮಾಡುದು? ಯಶ್ಮಿತಾಳ ಸ್ಕೂಲ್ ಫೀಸು ಕಂಪನಿಯೇ ಕೊಡುದಲ್ವಾ?"

ಯಶ್ಮಿತಾ ನನ್ನ ಮಗಳು. ಬೆದರಿಕೆಯನ್ನೂ ಉಪಕಾರದ ಹಾಗೆ ಹೇಳುವ ಮನುಷ್ಯ ಅವರು. ನಾನು ಕಾಗದ ತುಂಬಿದೆ. ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ ಎಂಬ ಸಾಲಿನ ಕೆಳಗೆ ಸಹಿಯ ಜಾಗವನ್ನು ಬೆರಳಿಟ್ಟು ತೋರಿಸಿದವಳೂ ನಾನೇ. ಸುಜಿತ್ ಓದಿದ, ಸಹಿ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು. "ಟಿಕೆಟ್ ಯಾವತ್ತಿಗೆ, ಮೇಡಂ?" ಎಂದಷ್ಟೇ ಕೇಳಿದ. ಅಲ್ಲಿಯವರೆಗೆ ಅವನು ನನ್ನನ್ನು ಮೇಡಂ ಎಂದದ್ದೇ ಇಲ್ಲ.

ಅವನು ಮಂಗಳೂರಿಗೆ ಹೋದ ವಾರವೇ ಹೆಡ್ಡಾಫೀಸಿನ ಮೇಲ್ ಬಂತು. ವಾರ್ಷಿಕ ವರದಿಗೆ ಪ್ರತಿನಿಧಿಯ ಹೆಸರೂ ಮಾತುಕತೆಯ ವಿವರವೂ ಬೇಕಂತೆ. ಹೊಸ ಪ್ರತಿನಿಧಿಯಾಗಲು ಯಾರಾದರೂ ಇದ್ದಾರೆಯೇ ಎಂದು ಕೇಳಲು ನಾನು ಮೆಷಿನುಗಳ ನಡುವೆ ಹೋದೆ. ಯಾರೂ ತಲೆ ಎತ್ತಲಿಲ್ಲ. ಸುಜಿತ್‌ನ ಮೆಷಿನಿನಲ್ಲಿ ಆಗಲೇ ಹೊಸಬನೊಬ್ಬ ನಿಂತಿದ್ದ.

"ಯಾರೂ ಒಪ್ಪುದಿಲ್ಲ ಸರ್" ಎಂದೆ.

"ಸುಜಿತ್‌ನ ಹೆಸರೇ ಬರೀರಿ. ಅಲ್ಲಿ ಕೂತು ಯಾರು ನೋಡ್ತಾರೆ?"

ಬರೆದೆ. ಮಾತುಕತೆ ತೃಪ್ತಿಕರ, ಸಂಬಳದ ಬೇಡಿಕೆ ಹಿಂತೆಗೆದುಕೊಳ್ಳಲಾಗಿದೆ ಎಂದು ಬರೆದು, ಕೆಳಗೆ ಅವನ ಹೆಸರು ಹಾಕಿ ಕಳಿಸಿದೆ. ಹತ್ತೇ ನಿಮಿಷದಲ್ಲಿ ಸಾಹೇಬನ ಉತ್ತರ ಬಂತು: ಸುಜಿತ್‌ಗೆ ನನ್ನ ಅಭಿನಂದನೆ ತಿಳಿಸಿ.